ಒಗೆಯದ ಪರದೆ

ಟವೆಲ್‌ನಿಂದ ಮುಖ ಒರೆಸಿಕೊಂಡೆ. ಮುಖ ಒಣಗಲಿಲ್ಲ.

ಇನ್ನೊಮ್ಮೆ ಒರೆಸಿದೆ. ನೀರು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಕತ್ತಿಗೆ ಜಾಗ ಬದಲಾಯಿಸಿತೇ ಹೊರತು ಬಟ್ಟೆಗೆ ಹತ್ತಲಿಲ್ಲ. ಠಾಣೆಯ ಬಚ್ಚಲಿನ ಒಡಕು ಕನ್ನಡಿಯಲ್ಲಿ ನಾನು ಈಗಷ್ಟೇ ಅತ್ತು ಎದ್ದವಳ ಹಾಗೆ ಕಾಣುತ್ತಿದ್ದೆ. ಅಳುವಷ್ಟು ತ್ರಾಣವೂ ಇರಲಿಲ್ಲ ಅನ್ನುವುದು ಬೇರೆ ಮಾತು. ಮೂರು ದಿನದಿಂದ ಸರಿಯಾಗಿ ನಿದ್ದೆಯಿಲ್ಲ, ಹಿಮ್ಮಡಿ ನೋವು ಬೇರೆ, ಮೈಯೆಲ್ಲ ಹಣ್ಣಾಗಿತ್ತು.

“ಏನ್ರೀ ಇದು, ಟವೆಲ್ಲೋ ರಟ್ಟೋ?” ಎಂದು ಹೊರಗೆ ಬಂದೆ.

ಬಾಗಿಲ ಬಳಿ ನಮ್ಮ ಕಾನ್‌ಸ್ಟೇಬಲ್ ಆಕಳಿಸುತ್ತ ನಿಂತಿದ್ದರು. ಬೆಳಿಗ್ಗೆ ಎದ್ದಾಗ ತೆರೆದ ಬಾಯಿಯನ್ನು ಅವರು ಮುಚ್ಚುವುದು ಊಟಕ್ಕೆ ಮಾತ್ರ ಅಂತ ಠಾಣೆಯಲ್ಲಿ ಎಲ್ಲರೂ ಅವರನ್ನು ಆಕಳಿಕೆ ಅಂತಲೇ ಕರೆಯುತ್ತಾರೆ. ಅವರಿಗೂ ಅದರಲ್ಲಿ ಬೇಸರವಿಲ್ಲ.

“ಹೊಸದು ಮೇಡಂ. ನಿನ್ನೆ ತಂದಿಟ್ಟೆ.”

“ಒಗೀದೆ ಹಾಗೇ ನೇತು ಹಾಕಿದ್ರಾ?”

ಬಾಯಿಂದ ಮಾತು ಹೊರಬಿದ್ದ ಮೇಲೆ ಅದು ನನ್ನ ಕಿವಿಗೇ ಬಡಿಯಿತು. ಹೊಸ ಬಟ್ಟೆ ನೀರು ಕುಡಿಯುವುದಿಲ್ಲ. ಇದಕ್ಕೇನು ಪತ್ತೇದಾರಿಕೆ ಬೇಕಾಗಿಲ್ಲ, ಸಂಸಾರ ಮಾಡಿದವರಿಗೆಲ್ಲ ಗೊತ್ತು. ಹಾಗಿದ್ದರೆ ನಮ್ಮ ಕೇಸಿನ ಆ ಪರದೆ?

ಟವೆಲ್ಲನ್ನು ಆಕಳಿಕೆಯ ಹೆಗಲಿಗೆ ಹಾಕಿ, ಒದ್ದೆ ಮುಖದಲ್ಲೇ ಜೀಪಿನ ಕಡೆ ನಡೆದೆ.

ದಾರಿಯಲ್ಲಿ ಬೆಂಚು. ಬೆಂಚಿನ ಮೇಲೆ ಆ ಮುದುಕಿ. ಲಾಕಪ್ಪಿನಲ್ಲಿರುವ ನರ್ಸಿನ ತಾಯಿ. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತು ಹೋಗಿತ್ತು. ಮಗಳಿಗೆ ತಂದ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರು ಹಾದುಹೋದರೂ ಎದ್ದು ನಿಲ್ಲುತ್ತಿದ್ದರು.

“ಎದ್ದೇಳ್ಬೇಡಿ ಅಮ್ಮ, ಕೂತ್ಕೊಳ್ಳಿ.”

“ಇವತ್ತು ಮತ್ತೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ?”

“ಸಂಜೆ. ಅಷ್ಟರೊಳಗೆ ಬರ್ತೀನಿ.”

ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಕೂತರು. 

ಟವೆಲ್ ಮಿಲ್ಲಿನ ಯಜಮಾನರ ಸಾವಿನಲ್ಲಿ ಇಡೀ ಕೇಸು ನಿಂತಿದ್ದು ಒಂದು ಪರದೆಯ ಮೇಲೆ. ಹೃದಯದ ಕಾಯಿಲೆಯ ಮನುಷ್ಯ. ಮಹಡಿಯ ಕೋಣೆಯಲ್ಲಿ ಕುರ್ಚಿಯಲ್ಲೇ ಸತ್ತಿದ್ದರು. ನೀರಿನಷ್ಟೇ ತೆಳುವಾದ ಅವರ ಕೆಂಪು ಔಷಧಿಯ ಬಾಟಲಿ ನೆಲಕ್ಕೆ ಬಿದ್ದು, ಕಿಟಕಿಯ ಕೆಳಗೆ ಮಡುಗಟ್ಟಿತ್ತು. ಪರದೆಯ ತುದಿ ಆ ಮಡುವಿನಲ್ಲಿ ಅದ್ದಿಕೊಂಡು, ಕೆಂಪು ಒಂದು ಗೇಣಿನಷ್ಟು ಮೇಲಕ್ಕೆ ಏರಿತ್ತು. ನಾಲ್ಕೂವರೆಗೆ ನರ್ಸು ಕೂಗಿಕೊಂಡಾಗ ಯಜಮಾನರ ಸೊಸೆ ಓಡಿಬಂದು, ಗಾಬರಿಯಲ್ಲಿ ನೆಲ ಒರೆಸಿಬಿಟ್ಟಿದ್ದಳು. ಅಲ್ಲಿಗೆ ಕೆಂಪು ಏರುವುದು ನಿಂತಿತು.

ಅದೇ ಬಟ್ಟೆಯಲ್ಲಿ ಅದೇ ಔಷಧಿ ಅಷ್ಟು ಎತ್ತರ ಏರಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷ ಅಂತ ಪರೀಕ್ಷೆಯ ಫಲಿತಾಂಶ ಬಂದಿತ್ತು. ಅಂದರೆ ಬಾಟಲಿ ಬಿದ್ದದ್ದು ನಾಲ್ಕು ಗಂಟೆಯ ಮೇಲೆ. ಆ ಹೊತ್ತಿನಲ್ಲಿ ಮಹಡಿಯಲ್ಲಿ ಇದ್ದದ್ದು ನರ್ಸು ಒಬ್ಬಳೇ. ನಾಳೆಯಿಂದ ಬರಬೇಡ ಎಂದು ಯಜಮಾನರು ಅವತ್ತೇ ಬೆಳಿಗ್ಗೆ ಅವಳಿಗೆ ಹೇಳಿದ್ದರು. ನಮ್ಮ ಸಾಹೇಬರಿಗೆ ಅಷ್ಟು ಸಾಕಾಯಿತು. ಔಷಧಿಯನ್ನು ಕೈಗೆ ಸಿಗದ ಹಾಗೆ ಬೀಳಿಸಿ, ಮುದುಕ ಒದ್ದಾಡುವುದನ್ನು ನೋಡುತ್ತ ನಿಂತಳು ಎಂಬುದು ಅವರ ವಾದ.

ಪರೀಕ್ಷೆ ನಡೆದದ್ದು ಸತ್ತವರ ಮಿಲ್ಲಿನಲ್ಲೇ, ಸತ್ತವರ ಮಗಳ ಕೈಯಲ್ಲೇ. ಬೇರೆ ಕಡೆ ಕಳಿಸೋಣ ಅಂದಿದ್ದೆ. “ಅಲ್ಲಿಂದ ಉತ್ತರ ಬರೋಷ್ಟ್ರಲ್ಲಿ ನಾನು ನೀವು ಇಬ್ರೂ ರಿಟೈರ್ ಆಗಿರ್ತೀವಿ,” ಎಂದು ಸಾಹೇಬರು ನಕ್ಕಿದ್ದರು.

*

ಮಿಲ್ಲಿನವರು ಯಜಮಾನರ ಮಗಳನ್ನು ಲ್ಯಾಬಮ್ಮ ಅನ್ನುತ್ತಾರೆ. ನಲವತ್ತರ ಆಸುಪಾಸಿನ ಹೆಂಗಸು, ಕೂದಲನ್ನು ಪರೀಕ್ಷೆಯ ಬಟ್ಟೆಯದೇ ಒಂದು ಪಟ್ಟಿಯಿಂದ ಬಿಗಿದಿದ್ದರು. ಅಪ್ಪ ಸತ್ತು ವಾರ ಕಳೆದಿಲ್ಲ, ಆಗಲೇ ಕೆಲಸಕ್ಕೆ ಬಂದಿದ್ದರು. ಮನೆಯಲ್ಲಿ ಕೂತರೆ ಎಲ್ಲರೂ ತನ್ನ ಮುಖವನ್ನೇ ನೋಡುತ್ತಾರೆ, ಬಟ್ಟೆಗಳಾದರೆ ನೋಡುವುದಿಲ್ಲ ಎಂದು ಮೊದಲ ದಿನವೇ ನನಗೆ ಹೇಳಿದ್ದರು.

ಲ್ಯಾಬಿನ ಕೋಣೆ ವರ್ಷವಿಡೀ ಒಂದೇ ಹದದಲ್ಲಿರುತ್ತದೆ, ಒಂದೇ ತಂಪು, ಒಂದೇ ತೇವ. ದಪ್ಪ ಬಾಗಿಲು ನನ್ನ ಹಿಂದೆ ಮುಚ್ಚಿಕೊಂಡಿತು. ಮೇಜಿನ ಮೇಲೆ ನೀರಿನ ಗಾಜಿನ ತೊಟ್ಟಿ, ಅದರಲ್ಲಿ ಟವೆಲ್ ತುಂಡನ್ನು ತುಂಬಿ ಮುಳುಗಿಸುವ ತಂತಿ ಬುಟ್ಟಿ. ಗೋಡೆಯ ಪಕ್ಕದ ಸ್ಟ್ಯಾಂಡಿನಲ್ಲಿ ಸಾಲಾಗಿ ನೇತಾಡುವ ಬಟ್ಟೆಯ ಪಟ್ಟಿಗಳು, ಒಂದೊಂದರ ಪಕ್ಕದಲ್ಲೂ ಒಂದು ಅಳತೆಪಟ್ಟಿ. ಮೂಲೆಯಲ್ಲಿ ಬಟ್ಟೆ ಒಗೆಯುವ ಮಷೀನು ಗುರುಗುಡುತ್ತಿತ್ತು. ನಾನು ಬಂದಾಗಲೆಲ್ಲ ಅದು ಗುರುಗುಡುತ್ತಲೇ ಇರುತ್ತದೆ. ಅದು ಯಾಕೆ ಅಲ್ಲಿದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ಲ್ಯಾಬಮ್ಮ ಟವೆಲ್ ತುಂಡಿನ ಮೇಲೆ ಒಂದು ಹನಿ ನೀರು ಬಿಟ್ಟು, ಅದರ ಹೊಳಪು ಆರುವುದನ್ನು ನೋಡುತ್ತಿದ್ದರು. ಕೈಯಲ್ಲಿ ಗಡಿಯಾರ.

“ಒಂದ್ನಿಮಿಷ, ಮಾತಾಡಿಸ್ಬೇಡಿ.”

ಹನಿ ಇಂಗಿತು. ಅವರು ಗಡಿಯಾರ ನಿಲ್ಲಿಸಿ ತಲೆಯೆತ್ತಿದರು.

“ಪರದೆ ಬಟ್ಟೆನ ಪರೀಕ್ಷೆ ಮಾಡೋಕೆ ಮುಂಚೆ ಒಗೆದ್ರಾ?” ಎಂದೆ.

“ಒಗೀದೆ ಇರ್ತೀವಾ? ಮಗ್ಗದಿಂದ ಬಂದ ಬಟ್ಟೇಲಿ ಗಂಜಿ ಇರುತ್ತೆ. ಮೇಲಿಂದ ನಯ ಬರ್ಲಿ ಅಂತ ಹಾಕಿದ ಜಿಡ್ಡು. ಅದೆಲ್ಲ ಹೋದ್ಮೇಲೆ ತಾನೆ ಬಟ್ಟೆ ಎಷ್ಟು ಹೀರುತ್ತೆ ಅಂತ ನಿಜ ಗೊತ್ತಾಗೋದು?”

“ನಿಮ್ಮಪ್ಪನ ಕೋಣೇಲಿದ್ದ ಪರದೆ ಒಗೆದಿದ್ದಾ?”

  ಅವರ ಕೈಯಲ್ಲಿದ್ದ ಗಾಜಿನ ಕೊಳವೆಯಿಂದ ಒಂದು ಹನಿ ಜಾರಿ ಮೇಜಿನ ಮೇಲೆ ಬಿತ್ತು.

“ಅವತ್ತು ಬೆಳಿಗ್ಗೆ ಹಾಕಿದ್ದು,” ಎಂದರು ಕೊನೆಗೆ. “ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂತ ಅಪ್ಪ ಗೊಣಗ್ತಿದ್ರು. ಮಿಲ್ಲಿನ ಥಾನಿನಿಂದ ನಾನೇ ಬಟ್ಟೆ ಹರಿಸಿದೆ. ಅಂಚು ಹೊಲಿಸಿ, ನಾನೇ ಹೋಗಿ ತೂಗುಹಾಕಿ ಬಂದೆ.”

“ಒಗೀಲಿಲ್ಲ.”

“ಇಲ್ಲ.”

“ನನಗೆ ಕೊಟ್ಟ ಹತ್ತು ನಿಮಿಷದ ಲೆಕ್ಕ?”

“ಅದೇ ಥಾನು. ಅದೇ ಔಷಧಿ. ಆದ್ರೆ…” ಅವರು ಮೂಲೆಯ ಮಷೀನಿನ ಕಡೆ ನೋಡಿದರು. 

ನನಗೆ ಸಿಟ್ಟು ಬಂತು. ಸುಸ್ತಾದಾಗ ಬರುವ ಸಿಟ್ಟು ಅದು, ಅದಕ್ಕೆ ಮೂಗುದಾರ ಇರುವುದಿಲ್ಲ.

“ಒಬ್ಬ ಹೆಣ್ಣುಮಗಳು ಲಾಕಪ್ಪಿನಲ್ಲಿ ಸಿಮೆಂಟ್ ನೆಲದ ಮೇಲೆ ಮಲಗ್ತಿದ್ದಾಳೆ, ನಾವು ನಿಮ್ಮ ಹತ್ತು ನಿಮಿಷ ನಂಬಿದ್ದಕ್ಕೆ. ನಿಮಗೆ ಗೊತ್ತಿರ್ಲಿಲ್ವಾ? ಇಲ್ಲ, ಗೊತ್ತಿದ್ದೂ ಸುಮ್ನಿದ್ರಾ? ಪರದೆ ಹಾಕಿದ್ದು ನೀವು, ಬಟ್ಟೆ ಕೊಟ್ಟಿದ್ದು ನೀವು, ಪರೀಕ್ಷೆ ಮಾಡಿದ್ದೂ ನೀವು!”

“ಹದಿನೈದು ವರ್ಷದಿಂದ ಈ ಕೋಣೆಗೆ ಬಂದ ಒಂದು ತುಂಡು ಬಟ್ಟೇನೂ ನಾನು ಒಗೀದೆ ತೂಗುಹಾಕಿಲ್ಲ.” ಅವರ ದನಿ ಏರಲಿಲ್ಲ. “ಮೊದಲು ಮಷೀನು, ಆಮೇಲೆ ಒಣಗಿಸೋದು, ಆಮೇಲೆ ಅಳತೆ. ಕೈಗೆ ಅದೇ ರೂಢಿ. ಊಟಕ್ಕೆ ಮುಂಚೆ ಕೈ ತೊಳ್ಕೊಂಡಿದ್ದನ್ನ ಯಾರಾದ್ರೂ ನೆನಪಿಟ್ಕೋತಾರಾ ಮೇಡಂ? ಅಪ್ಪ ಸತ್ತ ಮಾರನೇ ದಿನ ಮಾಡಿದ ಕೆಲಸ ಅದು. ಕೈ ಮಾಡ್ತು. ನಾನು ಎಲ್ಲಿದ್ನೋ.”

ನಂಬಬೇಕೋ ಬೇಡವೋ ತಿಳಿಯಲಿಲ್ಲ. ಈ ಕಸುಬಿನಲ್ಲಿ ಎಲ್ಲರೂ ಸುಳ್ಳು ಹೇಳಿ ಹೇಳಿ, ನಿಜ ಹೇಳುವವರ ಮೇಲೆ ನಮಗೆ ಇನ್ನೂ ಹೆಚ್ಚು ಅನುಮಾನ.

“ಥಾನು ಉಳಿದಿದೆಯಾ?”

“ಇದೆ.”

“ಹಾಗಾದ್ರೆ ಈಗ ಮಾಡಿ. ನನ್ನ ಕಣ್ಣೆದುರಿಗೆ.”

ಅವರು ಥಾನು ತಂದು ಒಂದು ಪಟ್ಟಿ ಕತ್ತರಿಸಿದರು. ಪರದೆ ತೂಗುವಾಗ ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದದ ನೂಲು, ಮೇಲಿಂದ ಕೆಳಕ್ಕೆ ಇರುತ್ತದೆ, ಪಟ್ಟಿಯೂ ಹಾಗೇ ಇರಬೇಕು ಎಂದು ತಾವೇ ಹೇಳಿ, ನನಗೆ ಎಳೆಯನ್ನು ತೋರಿಸಿದರು. ಪರದೆಯ ಮೇಲಿನ ಕಲೆಯಷ್ಟೇ ಎತ್ತರಕ್ಕೆ ಪೆನ್ಸಿಲಿನಿಂದ ಗೆರೆ ಎಳೆದರು. ಪಟ್ಟಿ ನೆಟ್ಟಗೆ ನಿಲ್ಲಲು ತುದಿಗೊಂದು ಗಾಜಿನ ಕಡ್ಡಿ. ಬಟ್ಟಲಿಗೆ ಕೆಂಪು ಔಷಧಿ ಸುರಿದು, ಪಟ್ಟಿಯನ್ನು ನಿಧಾನವಾಗಿ ಇಳಿಬಿಟ್ಟರು. ಗಡಿಯಾರ ಓಡತೊಡಗಿತು.

ಇಬ್ಬರೂ ಎರಡು ಸ್ಟೂಲಿನ ಮೇಲೆ ಕೂತೆವು.

*

ಹತ್ತು ನಿಮಿಷ ಕಳೆದಾಗ ಕೆಂಪು ಒಂದು ಹೆಬ್ಬೆರಳಿನಷ್ಟೂ ಏರಿರಲಿಲ್ಲ.

“ಅಯ್ಯೋ,” ಎಂದರು ಲ್ಯಾಬಮ್ಮ, ಸಣ್ಣಗೆ.

ನನ್ನ ಫೋನು ಹೊಡೆದುಕೊಂಡಿತು. ಸಾಹೇಬರು.

“ಎಲ್ಲಿ ಹೋಗಿದೀರಿ? ಕಾಗದ ಎಲ್ಲ ರೆಡಿ ಮಾಡ್ಬೇಕಲ್ವಾ?”

“ಬಟ್ಟೆ ಒದ್ದೆ ಆಗೋದನ್ನ ನೋಡ್ತಾ ಕೂತಿದೀನಿ ಸರ್.”

“ನಿಮ್ಗೆ ರಜೆ ಬೇಕೇನ್ರೀ?” ಎಂದರು, ನಿಜವಾದ ಕಳಕಳಿಯಿಂದ. ಬೇಕು ಸರ್, ಆದರೆ ಇವತ್ತಲ್ಲ ಎಂದು ಫೋನ್ ಇಟ್ಟೆ.

ಕೆಂಪು ಏರುತ್ತಿತ್ತು. ಏರುತ್ತಿದೆ ಎಂದು ದಿಟ್ಟಿಸಿ ನೋಡಿದರೆ ಕಾಣುವುದಿಲ್ಲ. ಕಣ್ಣು ತಿರುಗಿಸಿ ಮತ್ತೆ ನೋಡಿದರೆ ಒಂದು ಎಳೆಯಷ್ಟು ಮೇಲೆ ಹೋಗಿರುತ್ತದೆ. ಲ್ಯಾಬಮ್ಮ ಆಗಾಗ ಎದ್ದು ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ ಬಂದು ಕೂರುತ್ತಿದ್ದರು. 

“ಅಪ್ಪನಿಗೂ ನಿಮಗೂ ಹೇಗಿತ್ತು?” ಎಂದು ಕೇಳಿದೆ.

“ಬೆಳಿಗ್ಗೆ ಜಗಳ, ಸಂಜೆ ರಾಜಿ. ಟವೆಲ್ ಚೆನ್ನಾಗಿ ಹೀರುತ್ತೆ ಅಂತ ಅವರು, ಹೀರಲ್ಲ ಅಂತ ನಾನು. ನನ್ನ ಮಗಳು ನನ್ನ ಮಾಲನ್ನೇ ಫೇಲ್ ಮಾಡ್ತಾಳೆ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗೋರು. ಬೈಗುಳಾನೋ ಹೊಗಳಿಕೆನೋ, ಇವತ್ತಿಗೂ ಗೊತ್ತಿಲ್ಲ.”

ಅಷ್ಟು ಹೇಳಿ ಅವರು ಕಣ್ಣೊರೆಸಿಕೊಂಡರು. ನನಗೆ ಅವರ ಮೇಲಿದ್ದ ಸಿಟ್ಟು ಇಳಿದುಹೋಯಿತು. ಅದರ ಜಾಗಕ್ಕೆ ಬರೀ ಆಯಾಸ ಬಂದು ಕೂತಿತು.

ಅರ್ಧ ಗಂಟೆ ದಾಟಿತು. ಕೆಂಪು ಇನ್ನೂ ಅರ್ಧ ದಾರಿಗೆ ಬಂದಿರಲಿಲ್ಲ. ನಾಲ್ಕೂವರೆಯಿಂದ ಹಿಂದಕ್ಕೆ ಎಣಿಸಿದರೆ, ನಾಲ್ಕು ಗಂಟೆ. ನರ್ಸು ಔಷಧಿ ಅಂಗಡಿಯಿಂದ ವಾಪಸ್ ಬಂದ ಹೊತ್ತು. ಅಂಗಡಿಯವನು ನನಗೆ ಹೇಳಿಕೆ ಕೊಟ್ಟಿದ್ದ: ಎರಡು ಗಂಟೆಗೇ ಬಂದಳು, ಔಷಧಿ ಬೇರೆ ಅಂಗಡಿಯಿಂದ ತರಿಸಬೇಕಿತ್ತು, ನಾಲ್ಕರ ತನಕ ನನ್ನ ಕಣ್ಣೆದುರಿಗೇ ಕಾದು ಕೂತಿದ್ದಳು. ಆಗ ಅದು ಕೇಸಿಗೆ ಬೇಡದ ಮಾತಾಗಿತ್ತು. ಈಗ ಅದೇ ಅವಳ ಜೀವ.

ಒಂದು ಗಂಟೆಯಾಯಿತು. ಕೆಂಪು ಗೆರೆಯಿಂದ ಇನ್ನೂ ಕೆಳಗಿತ್ತು.

ನಾನು ಎದ್ದು ನಿಂತುಬಿಟ್ಟೆ. ಹಿಮ್ಮಡಿಯ ನೋವು ಮರೆತುಹೋಯಿತು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

“ಅವಳು ಅಲ್ಲ. ಬಾಟ್ಲಿ ಬಿದ್ದಾಗ ಅವಳು ಮನೇಲೇ ಇರ್ಲಿಲ್ಲ!”

ಲ್ಯಾಬಮ್ಮ ಮುಖ ಮುಚ್ಚಿಕೊಂಡರು. “ಒಂದು ಸಲ ಯೋಚ್ನೆ ಮಾಡಿದ್ರೆ ಆಗಿತ್ತು. ಒಂದೇ ಸಲ.”

ಕೆಂಪು ಕೊನೆಗೆ ಪೆನ್ಸಿಲ್ ಗೆರೆ ಮುಟ್ಟಿದಾಗ ಗಡಿಯಾರ ಶುರುವಾಗಿ ಎರಡು ಗಂಟೆಗೆ ಸ್ವಲ್ಪವೇ ಕಡಿಮೆಯಾಗಿತ್ತು. ಯಜಮಾನರ ಬಾಟಲಿ ಬಿದ್ದದ್ದು ಎರಡೂವರೆಯ ಮೇಲೆ ಕೆಲವೇ ನಿಮಿಷಕ್ಕೆ. ಆ ಹೊತ್ತಿನಲ್ಲಿ ಮಗ ಮಿಲ್ಲಿನಲ್ಲಿದ್ದ, ನೂರು ಜನ ನೋಡಿದ್ದಾರೆ. ಈ ಮಗಳು ಇದೇ ಕೋಣೆಯಲ್ಲಿ ಇಬ್ಬರು ಸಹಾಯಕಿಯರ ಜೊತೆ ಇದ್ದರು. ಸೊಸೆ ಕೆಳಗಿನ ಕೋಣೆಯಲ್ಲಿ ಕೂಸಿನ ಪಕ್ಕ ಮಲಗಿದ್ದಳು, ಕೆಲಸದಾಕೆ ಅದನ್ನು ಕಂಡಿದ್ದಳು.

“ಅಂದ್ರೆ ಅಪ್ಪ ಒಬ್ರೇ ಇದ್ರು,” ಎಂದೆ. “ಬಾಟ್ಲಿ ತಾನಾಗೇ ಕೈ ಜಾರಿ ಬಿತ್ತು. ಯಾರೂ ಕೊಂದಿಲ್ಲ. ಕೇಸೇ ಇಲ್ಲ.”

ಮೂರು ದಿನದಲ್ಲಿ ಮೊದಲ ಸಲ ನನಗೆ ಮನೆಗೆ ಹೋಗಿ ಮಲಗುವ ಆಸೆ ಹುಟ್ಟಿತು. ಅದು ಎರಡು ಉಸಿರಿನಷ್ಟು ಹೊತ್ತು ಉಳಿಯಿತು.

“ಒಬ್ರೇ ಇರೋಕೆ ಸಾಧ್ಯ ಇಲ್ಲ,” ಎಂದರು ಲ್ಯಾಬಮ್ಮ, ಪಟ್ಟಿಯನ್ನು ಬಿಚ್ಚುತ್ತ. “ಅಪ್ಪನಿಗೆ ಒಬ್ರೇ ಇರೋಕೆ ಭಯ. ಐದು ನಿಮಿಷ ಬಿಟ್ಟು ಹೋದ್ರೂ ಕೂಗಿ ಭೂಮಿ ಆಕಾಶ ಒಂದು ಮಾಡ್ತಿದ್ರು. ನರ್ಸು ಹೊರಗೆ ಹೋಗೋದಿದ್ರೆ ತಾಯಿನ ಕರ್ಸಿ ಕೂರಿಸಿ ಹೋಗೋಳು. ಹಿಂದಿನ ಮೆಟ್ಟಿಲಿಂದ ಬಂದು ಹಾಗೇ ಹೋಗೋರು ಅವರು. ಪಾಪ, ಕೆಳಗೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ನಾನು ಮೇಲೆ ಹೋದಾಗ ಕಂಡಿದ್ದು ಅಷ್ಟೇ.”

ನಾನು ಪಟ್ಟಿಯಿಂದ ಕಣ್ಣು ಕಿತ್ತು ಅವರ ಕಡೆ ತಿರುಗಿದೆ.

“ಯಾವ ತಾಯಿ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಅವಳ ತಾಯಿ. ಕಾಲು ಊದಿಕೊಂಡಿರುತ್ತಲ್ಲ, ಅವರು.”

*

ಠಾಣೆಗೆ ಲ್ಯಾಬಮ್ಮನೂ ಬರುತ್ತೇನೆಂದರು. ತಪ್ಪು ಲೆಕ್ಕ ಕೊಟ್ಟವಳು ನಾನು, ಸರಿ ಲೆಕ್ಕವನ್ನೂ ನಾನೇ ಹೇಳಬೇಕು, ಆ ಹುಡುಗಿಯ ಮುಖ ನೋಡಿ ಕ್ಷಮೆ ಕೇಳಬೇಕು ಎಂದರು. ಬೇಡ ಅನ್ನಲು ನನಗೆ ಕಾರಣ ಹೊಳೆಯಲಿಲ್ಲ. ಕೆಂಪು ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಜೀಪಿನಲ್ಲಿ ನನ್ನ ಪಕ್ಕ ಕೂತರು.  ಟ್ರಾಫಿಕ್ ಇತ್ತು. ಇರಲಿ ಎಂದುಕೊಂಡೆ, ಇನ್ನೂ ಸ್ವಲ್ಪ ಇರಲಿ.

ಅಂಗಳದಲ್ಲಿ ಇಳಿದು, ಅವರಿಗೆ ಜೀಪಿನಲ್ಲೇ ಇರಿ ಎಂದು ಹೇಳಿ ಒಳಗೆ ಹೋದೆ.

ಮುದುಕಿ ಬೆಂಚಿನಿಂದ ಎದ್ದರು. ನಾನು ಪಕ್ಕದಲ್ಲಿ ಕೂತು, ಕೈ ಹಿಡಿದು ಅವರನ್ನೂ ಕೂರಿಸಿದೆ. ಅವರ ಮುಖವನ್ನು ನೋಡಲಾಗಲಿಲ್ಲ, ಡಬ್ಬಿಯನ್ನು ನೋಡುತ್ತ ಹೇಳಿದೆ.

“ನಿಮ್ಮ ಮಗಳ ತಪ್ಪಿಲ್ಲ ಅಮ್ಮ. ಬಾಟ್ಲಿ ಬಿದ್ದಾಗ ಅವಳು ಆ ಮನೇಲೇ ಇರ್ಲಿಲ್ಲ. ಪರೀಕ್ಷೇಲಿ ಗೊತ್ತಾಯ್ತು.”

ಅವರು ಕುಣಿದಾಡಲಿಲ್ಲ, ಅಳಲೂ ಇಲ್ಲ. ತುಂಬಾ ದೂರ ನಡೆದು ಬಂದವರು ಹೊರೆ ಇಳಿಸಿದ ಹಾಗೆ ಒಂದು ಉಸಿರು ಬಿಟ್ಟರು.

“ಇರ್ಲಿಲ್ಲ,” ಎಂದರು. “ನಾನಿದ್ದೆ.”

ಲಾಕಪ್ಪಿನ ಸರಳುಗಳು ಧಡಾರನೆ ಅಲುಗಿದವು. “ಅಮ್ಮಾ, ಬಾಯ್ಮುಚ್ಚು!” ನರ್ಸು ಒಳಗಿನಿಂದ ಕಿರುಚಿದಳು. “ಮೇಡಂ, ಅವಳಿಗೆ ಅರಳು ಮರಳು. ನಾನೇ ಮಾಡಿದ್ದು! ಬರ್ಕೊಳ್ಳಿ, ನಾನೇ ಬೀಳಿಸಿದ್ದು!”

ಆಕಳಿಕೆ ಬಾಯಿ ಮುಚ್ಚಿಕೊಂಡು ನಿಂತಿದ್ದನ್ನು ಅವತ್ತು ನಾನು ಮೊದಲ ಸಲ ನೋಡಿದೆ.

“ಮೂರು ದಿನದಿಂದ ಹೀಗೇ ನನ್ನ ಬಾಯಿ ಕಟ್ಟಿದಾಳೆ,” ಎಂದರು ತಾಯಿ. “ಅವಳನ್ನ ಬಿಡಿ ಮೇಡಂ. ನಾನು ಒಳಗೆ ಕೂತ್ಕೋತೀನಿ. ಕೂತಿರೋದು ನನಗೆ ಅಭ್ಯಾಸ.”

“ಔಷಧಿ ನೀವು ಬೀಳಿಸಿದ್ರಾ?”

“ದೇವರಾಣೆಗೂ ಇಲ್ಲ. ಎದೆ ಹಿಡ್ಕೊಂಡ್ರು. ಮುಚ್ಚಳ ತೆಗೆದು ಬಾಯಿ ಹತ್ರ ಹಿಡಿದೆ. ಅವರೇ ಕೈಯಿಂದ ತಳ್ಳಿಬಿಟ್ರು. ಕೂಗೋಣ ಅಂತ ಎದ್ದೆ, ಸೆರಗು ಹಿಡ್ಕೊಂಡ್ರು. ಕೂತ್ಕೋ, ಯಾರನ್ನೂ ಕರೀಬೇಡ, ನನ್ನ ಕೈ ಹಿಡ್ಕೊಂಡಿರು ಸಾಕು ಅಂದ್ರು.” ಅವರು ತಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದರು. “ಕೂತೆ. ತಪ್ಪೋ ಸರಿನೋ, ಕೂತೆ. ಅವಳು ಬರೋಷ್ಟ್ರಲ್ಲಿ ಎಲ್ಲ ಮುಗಿದಿತ್ತು. ನನ್ನನ್ನ ಹಿಂದಿನ ಮೆಟ್ಟಿಲಿಂದ ಕಳಿಸಿ, ಆಮೇಲೆ ಕೂಗಿಕೊಂಡ್ಲು.”

ನರ್ಸು ಸರಳಿಗೆ ಹಣೆ ಒತ್ತಿ ಬಿಕ್ಕುತ್ತಿದ್ದಳು. ಈ ಮಾತನ್ನು ಸಾಹೇಬರು ನಂಬುವುದಿಲ್ಲ, ನ್ಯಾಯಾಧೀಶರು ನಂಬುವುದಿಲ್ಲ. ನಾನು ನಂಬಿದೆ. ನಂಬಿದ್ದರಿಂದ ಯಾರಿಗೂ ಏನೂ ಉಪಯೋಗವಿಲ್ಲ ಎಂದು ಗೊತ್ತಿದ್ದೂ ನಂಬಿದೆ.

“ಒಬ್ರೇ ಇರೋಕೆ ಹೆದರೋ ಮನುಷ್ಯ, ಸಾಯೋಕೆ ಯಾಕಮ್ಮ ಒಪ್ಕೊಂಡ್ರು? ನೀವು ಕೇಳ್ಲಿಲ್ವಾ?”

“ಕೇಳ್ದೆ.”

“ಹೇಳಿದ್ರಾ?”

“ಎಲ್ಲಾ ಹೇಳಿದ್ರು.”

ಅವರ ಕಣ್ಣು ನನ್ನ ಹೆಗಲಿನಾಚೆ ಬಾಗಿಲ ಕಡೆ ಹೋಗಿ ಅಲ್ಲೇ ನಿಂತಿತು. ನಾನು ತಿರುಗಿದೆ. ಜೀಪಿನಲ್ಲೇ ಇರಿ ಎಂದು ಹೇಳಿ ಬಂದಿದ್ದ ಲ್ಯಾಬಮ್ಮ ಹೊಸ್ತಿಲ ಮೇಲೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಅವರ ಈ ಮಗಳ ಮುಂದೆ ಆ ಕಾರಣ ಹೇಳು ಅನ್ನೋದಾದ್ರೆ,” ಎಂದರು ಮುದುಕಿ, ಎರಡೂ ಕೈ ಮುಂದೆ ಚಾಚಿ, “ನನ್ನನ್ನ ಒಳಗೆ ಹಾಕಿಬಿಡಿ ಮೇಡಂ. ಕೊಂದೆ ಅಂತಲೇ ಬರ್ಕೊಳ್ಳಿ.”

ಲ್ಯಾಬಮ್ಮ ಒಳಗೆ ಬಂದರು. ಆ ಚಾಚಿದ ಕೈಗಳ ಎದುರಿಗೆ ನೆಲದ ಮೇಲೆ ಕೂತರು.

“ಹೇಳಿ,” ಎಂದರು.